ನಾಡಗೌಡರ ಪುಸ್ತಕದ ಬೋರವ್ವ

ರಾಮಥಾಳ,
೧೧ ಫೆಬ್ರವರಿ ೨೦೨೪, ರವಿವಾರ

ಪ್ರೀತಿಯ ನೀಲಕ್ಕನಿಗೆ ನಿನ್ನ ತಮ್ಮನ ಶರಣು,

ಮೊದಲು ನಿನ್ನ ಕಣ್ಣು ಹೇಗಿದೆ ಹೇಳು. ಬಾಗಲಕೋಟೆಗೆ ಹೋಗಿ ಪೊರೆ ತೆಗೆಸಿಕೊಂಡೆಯೆಂದು ನಿಮ್ಮ ಎದುರು ಮನೆಯ ದಸ್ತಗೀರಬಿ ಹುನಗುಂದದ ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತರೆ ನೀನು ಥೇಟ್ ಫೌಜದಾರನಂತೆ ಕಾಣುತ್ತೀಯಂತೆ. ಮೊಣಕಾಲು ನೋವಿಗೆ ಎಳ್ಳೆಣ್ಣೆ ಹಚ್ಚುತ್ತಿದ್ದೀಯೋ, ಅದನ್ನೂ ಬಿಟ್ಟಿದ್ದೀಯೋ? ನನ್ನದು ಹೇಳಬೇಕೆಂದರೆ, ಹೆಡ್‌ಮಾಸ್ತರಿಕೆಯಿಂದ ನಿವೃತ್ತನಾಗಿ ಆರು ವರ್ಷವಾದರೂ ದನಿ ಮಾತ್ರ ನಿವೃತ್ತವಾಗಿಲ್ಲವೆಂದು ಮನೆಯಾಕೆ ನಿಂಬೆವ್ವ ಬಯ್ಯುತ್ತಾಳೆ. ಸಕ್ಕರೆ ಕಾಯಿಲೆ ಬಂದಿದೆ, ಹಾಗಾಗಿ ಚಹಾದಲ್ಲಿ ಸಕ್ಕರೆ ಇಲ್ಲ, ಮಾತಿನಲ್ಲಿ ಮೊದಲೂ ಇರಲಿಲ್ಲ ಎನ್ನುವುದೂ ಅವಳದೇ ಮಾತು. ಹೊಲದಲ್ಲಿ ಜೋಳದ ಕೊಯ್ಲು ನಡೆದಿದೆ. ಈ ಸಲ ತೆನೆ ಚೆನ್ನಾಗಿ ಬಿಟ್ಟಿವೆ.

ಹನ್ನೆರಡು ವರ್ಷದ ಮೇಲೆ ಈ ಶಿವಪ್ರಕಾಶನಿಗೆ ಪತ್ರ ಬರೆಯುವ ಬುದ್ಧಿ ಎಲ್ಲಿಂದ ಬಂತು ಎಂದು ನೀನು ಹುಬ್ಬೇರಿಸುತ್ತೀ, ಗೊತ್ತು. ಸ್ವಲ್ಪ ತಡೆದುಕೋ, ಎಲ್ಲ ಹೇಳುತ್ತೇನೆ. ಅರ್ಧಕ್ಕೆ ಬಿಟ್ಟು ಎದ್ದು ಹೋಗಬೇಡ. ಈ ಪತ್ರದ ತುಂಬ ನನ್ನ ಮಾನ ಹೋದ ಸುದ್ದಿಯೇ ಇದೆ, ನಿನಗೆ ಖುಷಿಯಾಗುತ್ತದೆ.

ಸಂಕ್ರಾಂತಿಯ ಹೊತ್ತಿಗೆ ವಾಡೆಯ ಪಡಸಾಲೆಗೆ ಗಾರೆ ಮಾಡಿಸಿ ಸುಣ್ಣ ಬಳಿಸಿದೆ. ಗೋಡೆ ಬೆಳ್ಳಗೆ, ಬೋಳಾಗಿ ಕಂಡಿತು. ಅಲ್ಲಿ ನಮ್ಮ ಮನೆತನದ ವಂಶಾವಳಿ ಇರಬೇಕೆಂದು ನನ್ನ ತಲೆಗೆ ಹೊಳೆಯಿತು. ಬರೀ ಹೆಸರಿನ ಪಟ್ಟಿಯಲ್ಲ, ಆಲದ ಮರ, ಬುಡದಲ್ಲಿ ಮೂಲಪುರುಷ, ಕೊಂಬೆಗೊಬ್ಬ ಗೌಡ, ತುದಿಯಲ್ಲಿ ರುಮಾಲು ಸುತ್ತಿದ ನಾನು. ಹುನಗುಂದದಲ್ಲಿ ಫ್ಲೆಕ್ಸ್ ಮಾಡುವ ಅಫ್ಜಲ ನನ್ನ ಹಳೆಯ ವಿದ್ಯಾರ್ಥಿ. ಅವನು ಆಗಲೇ ಹೇಳಿದ್ದ, "ಸರ, ಹೆಸರ ಪಕ್ಕಾ ಮಾಡ್ಕೊಂಡ ಬರ್ರಿ, ಒಮ್ಮೆ ಪ್ರಿಂಟ್ ಹೊಡದ್ರ ಹೊಡದಂಗ" ಎಂದು. ಏಳು ತಲೆಮಾರು ನನಗೆ ಬಾಯಿಪಾಠ ಇರುವಾಗ ಪಕ್ಕಾ ಮಾಡುವುದೇನು ಎಂದು ಅವನನ್ನೇ ಗದರಿಸಿದೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ತಂದು ಗೋಡೆಗೆ ಹೊಡೆಸಿ, ಶಿವರಾತ್ರಿಗೆ ಬೀಗರನ್ನೆಲ್ಲ ಕರೆದು ತೋರಿಸುವುದೆಂದು ಊರೆಲ್ಲ ಹೇಳಿಕೊಂಡು ಬಂದೆ.

ಫ್ಲೆಕ್ಸ್ ಹೊಡೆಸಿ ಎಂಟು ದಿನ ಕಳೆದಿರಲಿಲ್ಲ, ನಮ್ಮ ಹೇಳವ ಬಂದ. ನಿನಗೆ ನೆನಪಿರುವ ಮುದುಕ ಲಕ್ಷ್ಮಣ ತೀರಿಹೋದನಂತೆ. ಈಗ ಅವನ ಮಗ ಬಂಡೆಪ್ಪ. ಎತ್ತಿನ ಬಂಡಿ ಹೋಗಿ ಟೆಂಪೊ ಬಂದಿದೆ, ಅದರ ಮುಂದೆ ಮಾತ್ರ ಅದೇ ಹಳೆಯ ಗಂಟೆ ಕಟ್ಟಿದ್ದಾನೆ. ದಾರಿಯಲ್ಲಿ ಅಮೀನಗಡದಲ್ಲಿ ಗಾಲಿ ಪಂಕ್ಚರ್ ಆಗಿ ಕೂತಾಗ ಕರದಂಟು ಕೊಂಡೆನೆಂದು ನಿಂಬೆವ್ವನ ಕೈಗೆ ಒಂದು ಡಬ್ಬಿ ಇಟ್ಟ. ನಮ್ಮ ಹಿರಿಯರ ಹೆಸರು ಬುಡದಿಂದ ತುದಿಯವರೆಗೆ ಹೇಳಿ, ಹುಟ್ಟಿದವರನ್ನು ಬರೆದುಕೊಂಡು, ಜೋಳವನ್ನೋ ಆಕಳನ್ನೋ ಪಡೆದುಕೊಂಡು ಹೋಗುವ ಹೇಳವ ತಾನೇ ನಮಗೆ ಏನಾದರೂ ಕೊಟ್ಟದ್ದು ನಮ್ಮ ಮನೆಯ ಚರಿತ್ರೆಯಲ್ಲಿ ಇದೇ ಮೊದಲು. ಆ ಡಬ್ಬಿ ನೋಡಿಯೇ ನಾನು ಎಚ್ಚರಗೊಳ್ಳಬೇಕಿತ್ತು.

ಬಂಡೆಪ್ಪ ಹೊಸ್ತಿಲ ಹೊರಗೆ ಕಂಬಳಿ ಹಾಸಿ ಕೂತು, ಕೆಂಪು ಬಟ್ಟೆ ಬಿಚ್ಚಿ ಪುಸ್ತಕ ತೆಗೆದ. ಎದುರಿಗೇ ಗೋಡೆಯ ಮೇಲೆ ನನ್ನ ಮರ. ಅದನ್ನು ನೋಡಿದ, ಪುಸ್ತಕ ನೋಡಿದ, ಮತ್ತೆ ಮರ ನೋಡಿದ. ಓಣಿಯ ಜನ ಸೇರಿತ್ತು. ನಾನು ಸಾಲೆಯಲ್ಲಿ ಇನ್‌ಸ್ಪೆಕ್ಟರ ಬಂದಾಗ ನಿಲ್ಲುತ್ತಿದ್ದ ಹಾಗೆ ನಿಂತು, "ಪುಸ್ತಕದಾಗ ಇದ್ದದ್ದ ಇದ್ದಂಗ ಓದೋ ಬಂಡೆಪ್ಪ, ಒಂದಕ್ಷರ ಬಿಡಬ್ಯಾಡ, ಎಲ್ಲಾರೂ ಕೇಳ್ಲಿ" ಎಂದೆ. ಅವನು ಕೈಮುಗಿದು, "ಒಂದಕ್ಷರನೂ ಬಿಡಬ್ಯಾಡಂತೀರೇನ್ರಿ ಗೌಡ್ರ? ಮ್ಯಾಲ ನನ್ನ ಬಯ್ಯಬಾರದ್ರಿ" ಎಂದು ಕೇಳಿದ. ನಾನು ಜಂಬದಿಂದ ಹೂಂ ಎಂದೆ. ನಾನಾಗಿಯೇ ತೋಡಿಕೊಂಡ ಹಳ್ಳ ಅದು, ಅಕ್ಕಾ.

ಬುಡದ ಮೂಲಪುರುಷ, ಅವನ ಮಗ, ಇಬ್ಬರೂ ಸುಸೂತ್ರವಾಗಿ ದಾಟಿದರು. ಸಂಗನಗೌಡನ ಹೆಸರು ಬಂತು. ಅವನ ಮಗ ಬಸಲಿಂಗಪ್ಪಗೌಡ ಎಂದು ನಾನು ಬಾಯಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಬಂಡೆಪ್ಪ ದನಿ ಏರಿಸಿ ಓದಿದ್ದು ಹೀಗೆ: "ಸಂಗನಗೌಡಗ ಗಂಡ ಸಂತಾನ ಇಲ್ಲ. ಮಗಳು ಬೋರವ್ವ. ಪಟ್ಟದಕಲ್ಲಿನ ಬಸಲಿಂಗಪ್ಪನ್ನ ಮನಿಅಳಿಯ ಮಾಡ್ಕೊಂಡಾಕಿ, ಹೊಲ ತಾನ ನೋಡ್ಕೊಂಡಾಕಿ, ವಾಡೇ ಕಟ್ಟಿಸಿದಾಕಿ, ದೊಡ್ಡ ಬರದಾಗ ನೆಲದಾಗಿನ ಹಗೇವ ತೆಗೆಸಿ ಊರಿಗೆ ಜೋಳ ಕೊಟ್ಟಾಕಿ, ಹೇಳವಗ ಕರಿ ಆಕಳ ಕೊಟ್ಟಾಕಿ." ಅಂದರೆ ನಾವು ಎದೆ ತಟ್ಟಿ ಹೇಳಿಕೊಳ್ಳುವ ನಾಡಗೌಡಕಿ ನಮಗೆ ಬಂದದ್ದು ಒಬ್ಬ ಮಗಳಿಂದ. ನನ್ನ ಮರದ ಮೂರನೆಯ ಕೊಂಬೆಯಲ್ಲಿ ಮೀಸೆ ತಿರುವಿ ಕೂತ ಬಸಲಿಂಗಪ್ಪಗೌಡ ಗೌಡನೇ ಅಲ್ಲ, ಮಲಪ್ರಭೆಯ ದಂಡೆಯಿಂದ ಬಂದ ಬಡ ಒಕ್ಕಲಿನ ಹುಡುಗ. ಮೊದಲು ಒಳಗಿನಿಂದ ನಿಂಬೆವ್ವ ನಕ್ಕಳು. ಅವಳ ಹಿಂದೆ ಓಣಿಯ ಹೆಂಗಸರೆಲ್ಲ ನಕ್ಕರು.

ನಾನು ಸುಮ್ಮನೆ ಬಿಡಲಿಲ್ಲ, ಬಿಡುವವನೇ ಅಲ್ಲ. ನಿಮ್ಮಪ್ಪ ಲಕ್ಷ್ಮಣ ಎಂದೂ ಈ ಹೆಸರು ಹೇಳಲಿಲ್ಲವಲ್ಲ, ಇದನ್ನು ನೀನೇ ಹೊಸದಾಗಿ ಸೇರಿಸಿದ್ದೀಯೆಂದು ಜಬರಿಸಿದೆ. ಬಂಡೆಪ್ಪ ಪುಸ್ತಕವನ್ನು ನನ್ನ ಮುಂದೆ ತಿರುಗಿಸಿಟ್ಟ. ಮಸಿ ಕಂದು ಬಣ್ಣಕ್ಕೆ ತಿರುಗಿದ ಮೋಡಿ ಲಿಪಿಯ ಅಕ್ಷರ, ಬದಿಯಲ್ಲಿ ಅವನ ಅಜ್ಜ ಮಾಡಿದ ಕನ್ನಡದ ನಕಲು. ಬೋರವ್ವನ ಮಗ, ಅಂದರೆ ನಮ್ಮ ಮುತ್ತಜ್ಜ, ದೊಡ್ಡ ದೇಸಾಯರ ಮನೆಯಿಂದ ಹೆಣ್ಣು ತರುವಾಗ ಮನೆಅಳಿಯನ ಮಗ ಎನ್ನಿಸಿಕೊಳ್ಳಲು ನಾಚಿ, ಇನ್ನು ಮುಂದೆ ತಾಯಿಯ ಹೆಸರು ಬಿಟ್ಟು ಹೇಳಬೇಕೆಂದು ಆಗಿನ ಹೇಳವನಿಗೆ ಕಟ್ಟಪ್ಪಣೆ ಮಾಡಿದನಂತೆ. ಯಜಮಾನ ಬೇಡವೆಂದದ್ದನ್ನು ಯಜಮಾನನೇ ಹೇಳು ಎನ್ನುವವರೆಗೆ ಹೇಳುವಂತಿಲ್ಲ. "ನುಡಿಯೂದ ಬಿಡ್ತೇವ್ರಿ, ಬರದದ್ದ ಅಳಸಂಗಿಲ್ರಿ" ಎಂದ ಬಂಡೆಪ್ಪ. ನಾಲ್ಕು ತಲೆಮಾರಿನ ಹೇಳವರು ಆ ಸಾಲಿನ ಮೇಲೆ ಬೆರಳಿಟ್ಟು ದಾಟಿದ್ದಾರೆ. ನಾನು ಒಂದಕ್ಷರ ಬಿಡಬೇಡ ಎಂದಾಗ ಇವನು ಬೆರಳು ತೆಗೆದ, ಅಷ್ಟೆ.

ಎರಡು ತಾಸು ನಾನು ಅಟ್ಟದ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಕೆಳಗೆ ಜಾತ್ರೆಯ ಹಾಗೆ ಗದ್ದಲ. ನಿಂಬೆವ್ವ ಬೋರವ್ವನ ಸಾಲನ್ನು ಮೂರು ಸಲ ಓದಿಸಿದಳು, ಓದಿಸಿದಾಗಲೆಲ್ಲ ಬಂಡೆಪ್ಪನಿಗೆ ಒಂದು ಮೊರ ಜೋಳ ಕೊಟ್ಟಳು. ತಲೆಮಾರುಗಳ ಮೇಲೆ ಬೋರವ್ವ ಬಾಯಿಗೆ ಬಂದ ಖುಷಿಗೆ ಬಂಡೆಪ್ಪ ತನ್ನ ಮನೆತನದಲ್ಲಿ ಉಳಿದುಬಂದ ಕತೆಗಳನ್ನೂ ಬಿಚ್ಚಿದ. ವಾಡೆಯ ಬಾಗಿಲನ್ನು ಊರ ಕಡೆ ಇಡಬೇಕೆಂದು ಅವಳು ಹಟ ಹಿಡಿದಳಂತೆ, ಅಪ್ಪ ಒಪ್ಪಲಿಲ್ಲ, ಊಟದ ಗಂಗಾಳ ಸರಿಸಿ ಎದ್ದವಳು ಅವನು ಹೂಂ ಎನ್ನುವವರೆಗೆ ಎರಡು ದಿನ ಒಂದು ತುತ್ತು ಮುಟ್ಟಲಿಲ್ಲವಂತೆ. ಅಟ್ಟದ ಮೇಲೆ ಅದನ್ನು ಕೇಳಿದಾಗ ನನಗೆ ನೀನು ಕಣ್ಣ ಮುಂದೆ ಬಂದೆ. ನಗು ತಡೆಯಲಾಗಲಿಲ್ಲ. ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬಂತು. ಆ ನೀರು ನಗೆಯದೋ ಬೇರೆಯದೋ ನನಗೆ ತಿಳಿಯಲಿಲ್ಲ.

ನೀನೂ ಗಂಗಾಳ ಸರಿಸಿ ಎದ್ದವಳೇ. ಹನ್ನೆರಡು ವರ್ಷದ ಹಿಂದೆ ಲಕ್ಷ್ಮಣ ಬಂದಾಗ ನಿನ್ನ ಮನೆಯವರು, ನಮ್ಮ ಮಾವ, ತೀರಿ ಇನ್ನೂ ವರ್ಷ ಕಳೆದಿರಲಿಲ್ಲ. ನೀನು ಪದ್ಮಶ್ರೀಯನ್ನು ಕರೆದುಕೊಂಡು ಬಂದಿದ್ದೆ. ನಿನಗಾಗಿ ನೀನು ಏನೂ ಕೇಳಲಿಲ್ಲ. "ಶಿವ್ಯಾ, ನನ್ನ ಹೆಸರ ಇರದಿದ್ರ ಇರವಲ್ದು, ನನ್ನ ಮಗಳ ಹೆಸರೊಂದ ಬರಸ್ಬಿಡ, ಆಕಿಗೂ ತವರಂತ ಒಂದ ಇರ್ಲಿ" ಎಂದೆ. ಹೆಣ್ಣುಮಕ್ಕಳ ಹೆಸರು ಯಜಮಾನ ಹೇಳಿದರಷ್ಟೇ ಪುಸ್ತಕಕ್ಕೆ ಹೋಗುವುದು ರೂಢಿ. ಲಕ್ಷ್ಮಣ ಲೇಖನಿ ಎತ್ತಿ ನನ್ನ ಮುಖ ನೋಡುತ್ತಿದ್ದ. ನಾನು ಊಟದ ಪಂಕ್ತಿಯಲ್ಲಿ ಎಲ್ಲರ ಎದುರಿಗೆ, "ಅಕ್ಕಾ, ಇದು ನಾಡಗೌಡರ ಪುಸ್ತಕ. ನಿಮ್ಮ ಮನೀದ ಬ್ಯಾರೆ ಇರ್ತೈತಿ, ಅದರಾಗ ಬರಸ್ಕೊ" ಎಂದೆ. ನೀನು ಗಂಗಾಳ ಸರಿಸಿದೆ. ಕೈ ತೊಳೆದು, ಮಗಳ ಕೈ ಹಿಡಿದು, ಇಳಕಲ್ಲಿನ ಬಸ್ಸು ಹತ್ತಿದೆ. ಒಂದು ತಾಸಿನ ದಾರಿ, ಹನ್ನೆರಡು ವರ್ಷ ಇಬ್ಬರೂ ದಾಟಲಿಲ್ಲ. ಪದ್ಮಶ್ರೀಯ ಮದುವೆಯ ಕಾರ್ಡು ಟಪಾಲಿನಲ್ಲಿ ಬಂತು, ನಿನ್ನ ಕೈಬರಹದ ಒಂದು ಸಾಲೂ ಅದರಲ್ಲಿರಲಿಲ್ಲ. ಅದನ್ನೇ ನೆಪ ಮಾಡಿಕೊಂಡು ನಾನು ಬರಲಿಲ್ಲ. ಸೋದರಮಾವ ಇಲ್ಲದೆ ಆ ಹುಡುಗಿ ಅಕ್ಷತೆ ಹಾಕಿಸಿಕೊಂಡಳು. ಇದು ನೆನಪಾದರೆ ನನಗೆ ಈಗಲೂ ಊಟ ಸೇರುವುದಿಲ್ಲ, ಖರೆ ಹೇಳುತ್ತೇನೆ.

ಇನ್ನೊಂದು ಮಾತು. ಈ ಏಳು ತಲೆಮಾರನ್ನು ನನಗೆ ಬಾಯಿಪಾಠ ಮಾಡಿಸಿದವರು ಯಾರು ಅಕ್ಕಾ? ಅಪ್ಪನೂ ಅಲ್ಲ, ಹೇಳವನೂ ಅಲ್ಲ. ತೂಗುಮಂಚದ ಮೇಲೆ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಒಂದೊಂದು ಜೀಕಿಗೆ ಒಂದೊಂದು ಹೆಸರು ಹೇಳಿಸಿದವಳು ನೀನು. ನಿನಗೆ ಜಾಗವಿರದ ಮರಕ್ಕೆ ನನ್ನನ್ನು ಹತ್ತಿಸಿದೆ. ಮೇಲೆ ಹತ್ತಿ ಕೂತು ನಾನು ನಿನ್ನನ್ನೇ ಕೆಳಗೆ ನಿಲ್ಲಿಸಿದೆ.

ಅಟ್ಟ ಇಳಿದು ಬಂದವನೇ ಎಲ್ಲರ ಎದುರಿಗೆ, ಅಂದು ಹೇಳಿದ್ದಕ್ಕಿಂತ ದೊಡ್ಡ ದನಿಯಲ್ಲಿ, "ಬರಕೋ ಬಂಡೆಪ್ಪ, ನನ್ನ ಹೆಸರಿನ ಮೊದಲ ನಮ್ಮಕ್ಕಂದು, ಆಕಿ ಹಿರ್ಯಾಕಿ" ಎಂದೆ. ನೀಲಾಬಾಯಿ, ಅವಳ ಮಗಳು ಪದ್ಮಶ್ರೀ. ಬರೆದುಬಿಟ್ಟ. ಮಸಿ ಒಣಗುವವರೆಗೆ ನಾನು ಮುಂದೆ ನಿಂತು ನೋಡಿದೆ. ನಿಂಬೆವ್ವ, "ಈಗರೇ ಹೆಡ್‌ಮಾಸ್ತರು ಪಾಸಾದ್ರು ನೋಡವಾ" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ಫ್ಲೆಕ್ಸನ್ನು ಗೋಡೆಯಿಂದ ಇಳಿಸಿ ಜೋಳದ ಕಣಕಿಯ ಬಣವೆಗೆ ಹೊದಿಸಿದ್ದೇವೆ. ನನ್ನ ರುಮಾಲಿನ ಮುಖ ಸರಿಯಾಗಿ ಎಮ್ಮೆಗಳ ಕಡೆಗೆ ಬಂದಿದೆ, ಅವು ದಿನಾ ದರ್ಶನ ಮಾಡುತ್ತಿವೆ. ಹೊಸದಕ್ಕೆ ಅಫ್ಜಲನಿಗೆ ಹೇಳಿದಾಗ ಅವನು ನಗಲಿಲ್ಲ, ಪುಣ್ಯಾತ್ಮ. ಬೋರವ್ವನ ಮುಖ ಹೇಗೆ ಬರೆಯಲಿ ಎಂದು ಮಾತ್ರ ಕೇಳಿದ. ಒಂದು ಫೋಟೊ ತಂದುಕೊಡುತ್ತೇನೆ ತಡೆ ಎಂದಿದ್ದೇನೆ. ಯಾರ ಫೋಟೊ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ಕನ್ನಡಕದ್ದು ಬೇಡ, ಅದಕ್ಕಿಂತ ಮೊದಲಿನದು ಕೊಡು.

ಶಿವರಾತ್ರಿಗೆ ನೀನು ಬರಬೇಕು, ಪದ್ಮಶ್ರೀ ಗಂಡನ ಜೊತೆ ಬರಬೇಕು. ನಿಂಬೆವ್ವ ನಿನಗಾಗಿ ಎರಡು ಸೇರು ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ. ಕಣ್ಣಿಗೆ ಬಿಸಿಲು ತಾಗದಂತೆ ನೋಡಿಕೋ. ಓಣಿಯ ಹಿರಿಯರಿಗೆ ನನ್ನ ಶರಣು ಹೇಳು, ಪದ್ಮಶ್ರೀಗೆ ಈ ಸೋದರಮಾವನ ತಡವಾದ ಆಶೀರ್ವಾದ ಮುಟ್ಟಿಸು. ಬಸವಣ್ಣ ನಿಮ್ಮೆಲ್ಲರನ್ನೂ ನಗುನಗುತ್ತ ಇಟ್ಟಿರಲಿ.

ಇಂತಿ ನಿನ್ನ ತಮ್ಮ,
ಶಿವಪ್ರಕಾಶ
(ನೀನು ಕರೆಯುವ ಹಾಗೆ, ಶಿವ್ಯಾ)

ತಾ.ಕ.: ಸೋಮವಾರ ಮುಂಜಾನೆ, ಇಳಕಲ್. ಇದನ್ನು ಟಪಾಲಿಗೆ ಹಾಕಲು ಹೊರಟಿದ್ದೆ, "ಟಪಾಲಿಗೆ ಹಾಕಿದ್ರ ಇನ್ನೊಂದ ಹನ್ನೆರಡ ವರ್ಷ ಆಗತೈತಿ, ಸುಮ್ನ ಹೋಗಿ ಬರ್ರಿ" ಎಂದು ನಿಂಬೆವ್ವ ಬಂಡೆಪ್ಪನ ಟೆಂಪೊ ಹತ್ತಿಸಿದಳು. ಖರೆ ಸಂಗತಿಯನ್ನು ನಿನ್ನೆ ಬರೆಯಲು ನಾಚಿಕೆಯಾಯಿತು, ಈಗ ಬರೆಯುತ್ತೇನೆ. ಪದ್ಮಶ್ರೀಯ ಹೆಸರು ಬರೆದ ಮೇಲೆ ಬಂಡೆಪ್ಪ, ಆಕಿಗೆ ಮಕ್ಕಳೇನ್ರಿ, ಹೆಸರೇನ್ರಿ ಎಂದು ಕೇಳಿದ. ಒಬ್ಬಳು ಮಗಳಿದ್ದಾಳೆ ಎಂದೆ. ಹೆಸರು ನನಗೆ ಗೊತ್ತಿರಲಿಲ್ಲ ಅಕ್ಕಾ. ಆ ಸಾಲನ್ನು ಬಂಡೆಪ್ಪ ಖಾಲಿ ಬಿಟ್ಟಿದ್ದಾನೆ. ಈಗ ದಸ್ತಗೀರಬಿಯ ಕಟ್ಟೆಯ ಮೇಲೆ ಕೂತಿದ್ದೇನೆ. ಓಣಿ ದಾಟಿ ನಿನ್ನ ಬಾಗಿಲು ಬಡಿಯುವ ಧೈರ್ಯ ಸಾಲುತ್ತಿಲ್ಲ. ದಸ್ತಗೀರಬಿ ಚಹಾ ಕೊಟ್ಟಳು, ಪತ್ರ ಕೊಟ್ಟು ಬಾ ಎಂದರೆ, "ನಾ ಏನ್ ಪೋಸ್ಟಮನ್ ಏನ್ರಿ, ನಿಮ್ಮಕ್ಕ ಹುಲಿ ಅಲ್ಲ, ಹೋಗ್ರಿ" ಎನ್ನುತ್ತಾಳೆ. ಇಷ್ಟರಲ್ಲಿ ನಿನ್ನ ಮನೆಯೊಳಗಿನಿಂದ ಹಸಿರು ಲಂಗದ ಒಂದು ಹುಡುಗಿ ಬಂದು, ಸೊಂಟದ ಮೇಲೆ ಕೈಯಿಟ್ಟು, "ಅಜ್ಜಾ, ನೀವ್ ಯಾರ್ರಿ?" ಎಂದು ಕೇಳಿ ನಿಂತಿದ್ದಾಳೆ. ನಾನು ಅವಳಿಗೆ ಏನೂ ಹೇಳಿಲ್ಲ. ನಾನು ಯಾರೆಂದು ನೀನೇ ಹೇಳಬೇಕೆಂದು ಈ ಪತ್ರವನ್ನು ಅವಳ ಕೈಯಲ್ಲೇ ಕೊಟ್ಟು ಒಳಗೆ ಕಳಿಸುತ್ತಿದ್ದೇನೆ.