ನಾನು ಕಳಿಸಿದ ಮಾತ್ರೆಗಳು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಗಡಿಬಿಡಿ ತಮ್ಮನ ನಮಸ್ಕಾರ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಒಂದೇ ವಾರದಲ್ಲಿ ಮೂರು ಕಟ್ಟಡಗಳ ಲಿಫ್ಟು ಕೈಕೊಟ್ಟವು, ಉಸಿರಾಡಲೂ ಪುರುಸೊತ್ತಿರಲಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಆಸ್ಪತ್ರೆ ಅಂತ ಬಾಯಿ ತೆಗೆದರೆ ಸಾಕು, "ಒಲೆ ಮೇಲೆ ಹಾಲಿದೆ ಕಣೋ" ಅಂತ ಇಟ್ಟುಬಿಡುತ್ತೀಯ. ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಹಾಲು ಉಕ್ಕುತ್ತದೋ!

ನಮ್ಮಿಬ್ಬರಿಗೂ ಇರುವ ಈ ಹಾಳು ಕರುಳಿನ ಉರಿಯೂತ ನನಗೆ ಮತ್ತೆ ಕೆರಳಿತ್ತು. ಡಾಕ್ಟರಮ್ಮ ಸ್ಟಿರಾಯ್ಡ್ ಮಾತ್ರೆ ಹೆಚ್ಚು ಮಾಡಿದರು, ಮಲದಲ್ಲಿ ಬೀಳುವ ರಕ್ತವೂ ಹೆಚ್ಚಾಯಿತು. ಒಂದು ದಿನ ಹನ್ನೊಂದನೇ ಮಹಡಿಯಲ್ಲಿ ಲಿಫ್ಟಿನ ನೆತ್ತಿ ಮೇಲೆ ನಿಂತು ಹಗ್ಗ ನೋಡುತ್ತಿದ್ದೆ, ಕಕ್ಕಸಿಗೆ ಅವಸರವಾಯಿತು. ಲಿಫ್ಟ್ ರಿಪೇರಿಯವನೇ ಮೆಟ್ಟಿಲಿಳಿದು ಓಡಿದೆ. ಕೆಳಗಿದ್ದ ವಾಚ್‌ಮನ್, "ಏನ್ರೀ, ನಿಮ್ ಲಿಫ್ಟ್ ಮೇಲೆ ನಿಮಗೇ ನಂಬಿಕೆ ಇಲ್ವಾ?" ಅಂತ ನಕ್ಕ.

ಕ್ಯಾಮೆರಾ ಬಿಟ್ಟು ಕರುಳು ನೋಡುವ ಪರೀಕ್ಷೆ ಬರೆದುಕೊಟ್ಟರು. ಹಿಂದಿನ ದಿನವೆಲ್ಲ ಉಪ್ಪುಪ್ಪು ಔಷಧ ಲೀಟರುಗಟ್ಟಲೆ ಕುಡಿದು ಹೊಟ್ಟೆ ತೊಳೆದುಕೊಂಡು ಹೋದರೆ, ನರ್ಸ್ "ಜೊತೆಗೆ ಯಾರು ಬಂದಿದ್ದಾರೆ?" ಅಂದರು. ಯಾರೂ ಇಲ್ಲ. "ಮಂಪರು ಇಂಜೆಕ್ಷನ್ ಕೊಡ್ತೀವಿ, ಕರ್ಕೊಂಡು ಹೋಗೋರು ಬೇಕೇ ಬೇಕು" ಅಂತ ವಾಪಸ್ ಅಟ್ಟಿದರು. ಕುಡಿದದ್ದೆಲ್ಲ ದಂಡ! ಎರಡನೇ ಸಲ ಅದೇ ವಾಚ್‌ಮನ್‌ನನ್ನು ಕರೆದುಕೊಂಡು ಹೋದೆ. ನನಗೆ ಏನಾಗಬೇಕು ಅಂತ ನರ್ಸ್ ಅವನನ್ನು ಕೇಳಿದ್ದಕ್ಕೆ ಪುಣ್ಯಾತ್ಮ "ದೊಡ್ಡಪ್ಪ" ಅಂದುಬಿಟ್ಟ. ನನಗಿಂತ ಎರಡೇ ವರ್ಷ ದೊಡ್ಡವನು.

ಪರೀಕ್ಷೆಗೆ ಅಂತ ತೆಗೆದ ಕರುಳಿನ ಚೂರಿನಲ್ಲಿ ವೈರಸ್ ಸಿಕ್ಕಿತು. "ಇದು ತುಂಬಾ ಜನರ ಮೈಯಲ್ಲಿ ಸುಮ್ನೆ ಮಲಗಿರುತ್ತೆ. ಸ್ಟಿರಾಯ್ಡ್ ಮೈಯ ಕಾವಲು ಕಡಿಮೆ ಮಾಡಿದಾಗ ಎದ್ದು ಕೂರುತ್ತೆ" ಅಂದರು ಡಾಕ್ಟರಮ್ಮ. ನೋಡು, ಬೆಂಕಿ ಆರಿಸುತ್ತಿದ್ದೇನೆ ಅಂದುಕೊಂಡು ವೈರಸ್ಸಿಗೆ ಊಟ ಬಡಿಸುತ್ತಿದ್ದೆ.

"ಇದ್ರಿಂದ ಕ್ಯಾನ್ಸರ್ ಬರುತ್ತಾ ಮೇಡಂ?" ಅಂದೆ.

"ವೈರಸ್‌ಗೂ ಅದಕ್ಕೂ ನಂಟಿದೆಯಾ ಅಂತ ಇನ್ನೂ ಹುಡುಕ್ತಾ ಇದ್ದಾರೆ, ನಾನು ಖಚಿತವಾಗಿ ಹೇಳಲ್ಲ. ಆದ್ರೆ ಉರಿಯೂತ ಎಂಟು-ಹತ್ತು ವರ್ಷ ಇದ್ದೋರಿಗೆ ಕರುಳಿನ ಕ್ಯಾನ್ಸರ್ ಭಯ ಜಾಸ್ತಿ. ಉರಿಯೂತ, ವೈರಸ್, ಕ್ಯಾನ್ಸರ್, ಮೂರರಲ್ಲೂ ರಕ್ತ ಬರಬಹುದು. ಯಾವುದು ಅಂತ ಒಳಗೆ ನೋಡದೆ ನನಗೂ ಗೊತ್ತಾಗಲ್ಲಪ್ಪ."

ನನಗೆ ಕ್ಯಾನ್ಸರ್ ಇಲ್ಲ. ವೈರಸ್ಸಿಗೆ ಔಷಧ ನಡೆದಿದೆ, ರಕ್ತ ನಿಲ್ಲುತ್ತ ಬಂದಿದೆ. ನಿನ್ನದು ಏನು ಅಕ್ಕ? ನಿನಗೆ ಕಾಯಿಲೆ ಶುರುವಾಗಿ ಹನ್ನೆರಡು ವರ್ಷ. ಒಳಗೆ ನೋಡಿಸಿದ್ದು ಒಂದೇ ಸಲ, ಮದುವೆಗೂ ಮೊದಲು. ಕೇಳಿದರೆ "ಉಷ್ಣ ಕಣೋ". ಭಾವನಿಗೂ ಉಷ್ಣ ಅಂತಲೇ ಹೇಳಿದ್ದೀಯ. ಚೆನ್ನಾಗಿ ಓಡುವ ಲಿಫ್ಟಿನ ಹಗ್ಗವನ್ನೂ ನಾನು ತಿಂಗಳಿಗೊಮ್ಮೆ ನೋಡುತ್ತೇನೆ. ನಿನ್ನ ಹೊಟ್ಟೆ ಅದಕ್ಕಿಂತ ಕಡೆಯಾ?

ಜನವರಿಯಲ್ಲಿ ನಿನಗೆ ರಕ್ತ ಬಂದಾಗ ನನ್ನ ಮಾತ್ರೆ ಆರು ಪಟ್ಟಿ ಕಳಿಸಿದ್ದೆನಲ್ಲ, "ಒಂದೇ ಹೊಟ್ಟೇಲಿ ಹುಟ್ಟಿದೋರು, ಒಂದೇ ಕಾಯಿಲೆ, ಒಂದೇ ಮಾತ್ರೆ" ಅಂತ ಚೀಟಿ ಬೇರೆ ಅಂಟಿಸಿ. ದೊಡ್ಡ ಡಾಕ್ಟರ್ ನಾನು! ಅವೂ ಸ್ಟಿರಾಯ್ಡೇ. ಈಗ ಪಟ್ಟನೆ ನಿಲ್ಲಿಸಬೇಡ, ಅದೂ ಅಪಾಯವಂತೆ. ಹೇಗೆ ಬಿಡಬೇಕು ಅಂತ ಡಾಕ್ಟರಮ್ಮನೇ ಹೇಳಬೇಕು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ನೋಡುವ ಪರೀಕ್ಷೆಗೆ ನಿನ್ನ ಹೆಸರು ಬರೆಸಿದ್ದೇನೆ. ಬುಧವಾರ ಕುಡಿಯಬೇಕಾದ ಉಪ್ಪುಪ್ಪು ಔಷಧ ಡಾಕ್ಟರಮ್ಮನೇ ಕೊಟ್ಟಿದ್ದಾರೆ, ಜೊತೆಗಿಟ್ಟಿದ್ದೇನೆ. ನಿಮ್ಮೂರ ಬಸ್ಸಿನ ಡ್ರೈವರ್ ಈ ಕಾಗದವನ್ನು ಭಾವನ ಕೈಗೇ ಕೊಡುತ್ತಾರೆ. ನಿನ್ನ ಕೈಗೆ ಕೊಟ್ಟರೆ ಅಡುಗೆಮನೆಯ ಯಾವುದೋ ಡಬ್ಬಿಯೊಳಗೆ ಸೇರುತ್ತದೆ, ನನಗೆ ಗೊತ್ತು.

ಪಾಪುಗೆ ಮಾವನ ಮುತ್ತು. ನೀವೆಲ್ಲ ನೂರು ಕಾಲ ಚೆನ್ನಾಗಿರಿ.

ನಿನ್ನ,
ಗಡಿಬಿಡಿ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ. ಯಾವ ಲಿಫ್ಟೂ ಕೆಟ್ಟಿರಲಿಲ್ಲ ಅಕ್ಕ. ವರದಿ ಬಂದು ಹದಿನೇಳು ದಿನವಾಯಿತು. "ಮನೇಲಿ ಬೇರೆ ಯಾರಿಗಾದ್ರೂ ಈ ಕಾಯಿಲೆ ಇದೆಯಾ?" ಅಂತ ಡಾಕ್ಟರಮ್ಮ ಕೇಳಿದಾಗ ಇಲ್ಲ ಅಂದೆ. ಇದೆ ಅಂದರೆ, ಏನು ಮಾತ್ರೆ ತಗೋತಾರೆ ಅಂತ ಕೇಳುತ್ತಿದ್ದರು. ನಾಲ್ಕು ಕಾಗದ ಬರೆದು ಹರಿದೆ. ನಿನ್ನೆ ಫೋನ್ ಮಾಡಿದರೆ ಪಾಪು ಎತ್ತಿ, "ಅಮ್ಮ ಬೆಳಿಗ್ಗೆಯಿಂದ ಬಾತ್‌ರೂಮಲ್ಲೇ ಇದಾಳೆ ಮಾವ" ಅಂದಿತು. ಹಾಗೇ ಎದ್ದು ಹೋಗಿ ಡಾಕ್ಟರಮ್ಮನ ಹತ್ತಿರ ಎಲ್ಲ ಒಪ್ಪಿಕೊಂಡೆ. ಅದಕ್ಕೇ ಇಷ್ಟು ಬೇಗ, ಗುರುವಾರಕ್ಕೇ ಸಿಕ್ಕಿದ್ದು. ಬೈಯುವುದಿದ್ದರೆ ಬಂದು ಬೈ. "ಜೊತೆಗೆ ಯಾರು" ಅನ್ನುವ ಕಡೆ ನನ್ನ ಹೆಸರು ಬರೆಸಿದ್ದೇನೆ. ಎಂಟೂವರೆಗೇ ಬಂದು ಬಾಗಿಲಲ್ಲಿ ನಿಂತಿರುತ್ತೇನೆ.