ಹನ್ನೊಂದು ಮೂವತ್ತೊಂದಕ್ಕೆ ಸ್ಟಾಪ್

ಜುಲೈ 7, ಸೋಮವಾರ. ಬೆಳಿಗ್ಗೆ 10.20

ಪರದೆಯ ಮೇಲೆ ಇಪ್ಪತ್ತಮೂರು ಪಂಪ್‌ಹೌಸುಗಳಲ್ಲಿ ಇಪ್ಪತ್ತೆರಡು ಹಸಿರು. ಬಂಡ್ರಿ ಮಾತ್ರ ಕೆಂಪು. ಮಳೆ ಬಂದರೆ ಅಲ್ಲಿ ಕರೆಂಟ್ ಇರುವುದಿಲ್ಲ, ಹೊಸದೇನಲ್ಲ. ನಿನ್ನೆಯ ಬ್ಯಾಕಪ್ ನೋಡಿದೆ. ಸರಿ ಇದೆ. ಚಹಾ ಆರಿತು.

ಮೇಲ್ ಒಂದು ಬಂದಿದೆ. ಪಂಪ್ ನಡೆಸಲು ನಾವು ಬಳಸುವ ಪ್ಯಾನೆಲ್‌ನಲ್ಲಿ ದೋಷ ಸಿಕ್ಕಿದೆಯಂತೆ, ಕೂಡಲೇ ಅಪ್‌ಡೇಟ್ ಮಾಡಬೇಕಂತೆ. ಇಂಥವು ತಿಂಗಳಿಗೆರಡು ಬರುತ್ತವೆ. ನಾಳೆ ಓದಿದರಾಯಿತು.

ಜುಲೈ 8, ಮಂಗಳವಾರ

ಓದಿದೆ. ಎರಡು ಸಲ. ನಿನ್ನೆಯೇ ಓದಬೇಕಿತ್ತು.

ಪಾಸ್‌ವರ್ಡ್ ಬದಲಿಸುವ ಪುಟದಲ್ಲಿ ತೂತು. ಅಲ್ಲಿ ಪಾಸ್‌ವರ್ಡ್ ಬದಲು ಕಮಾಂಡ್ ಬರೆದು ಕಳಿಸಿದರೆ ಮಷಿನ್ ಅದನ್ನೇ ನಡೆಸಿಬಿಡುತ್ತದೆ. ಲಾಗಿನ್ ಬೇಕಿಲ್ಲ. ಆಫೀಸಿನ ಹಳೆ ಮಷಿನ್ ಮೇಲೆ ನಾನೇ ಮಾಡಿ ನೋಡಿದೆ. ಅರ್ಧ ನಿಮಿಷ ಹಿಡಿಯಲಿಲ್ಲ. ಒಳಗೆ ಹೋಗಿ ಕೂತಿದ್ದೆ.

ಈಶ್ವರ್ ಸರ್‌ಗೆ ಬಿಡಿಸಿ ಹೇಳಿದೆ. ಕಂಪನಿ ಅವರದ್ದು. ಪಂಪ್‌ಹೌಸಿಗೊಂದು ಸಣ್ಣ ಕಂಪ್ಯೂಟರ್ ಕೂರಿಸಿದ್ದೇವೆ, ಹೊಸಪೇಟೆಯಲ್ಲಿ ಕುಳಿತು ಬ್ರೌಸರ್‌ನಲ್ಲೇ ಮೋಟರ್ ಚಾಲು ಮಾಡುತ್ತೇವೆ, ನಿಲ್ಲಿಸುತ್ತೇವೆ. ನಮಗೆ ಸಾಧ್ಯವಾದದ್ದು ಈಗ ಯಾರಿಗೆ ಬೇಕಾದರೂ ಸಾಧ್ಯ ಅಂದೆ. ಅವರು ನಕ್ಕರು. ನದಿ ನೀರು ಎತ್ತುವ ಪಂಪು ಯಾವ ಹ್ಯಾಕರ್‌ಗೆ ಬೇಕು ಅಂದರು. ಆಮೇಲೆ ಸ್ವಲ್ಪ ಯೋಚಿಸಿ, ಶನಿವಾರ ಐದು ಗಂಟೆಯೊಳಗೆ ಇಪ್ಪತ್ತಮೂರೂ ಮುಗಿಸಿ ಶೀಟ್ ಕೊಡು, ಎಲ್ಲ ನೀರಾವರಿ ಸಂಘಗಳಿಗೂ ಕಳಿಸಬೇಕು ಅಂದರು.

ಜುಲೈ 10, ಗುರುವಾರ

ಹದಿನಾಲ್ಕು ಮುಗಿದವು. ಬಂಡ್ರಿಯದು ಅರ್ಧಕ್ಕೆ ನಿಂತು ಏಳಲೇ ಇಲ್ಲ. ಹೋಗಬೇಕಾಯಿತು. ಸಂಡೂರು ದಾರಿ ತುಂಬ ಕೆಂಪು ರಾಡಿ, ಮುಂದೆ ಟಿಪ್ಪರ್, ಹಿಂದೆ ಟಿಪ್ಪರ್. ಬಸ್ಸಿನ ಕಿಟಕಿ ಹಾಕಿದರೂ ದುಪಟ್ಟಾ ಇಟ್ಟಿಗೆ ಬಣ್ಣ. ಅಲ್ಲಿಯ ಆಪರೇಟರ್ ಗುಡ್ಡಪ್ಪ ಕುರ್ಚಿ ಒರೆಸಿ ಕೊಟ್ಟ. ಕೆಲಸ ಹತ್ತು ನಿಮಿಷದ್ದು, ಓಡಾಟ ಇಡೀ ದಿನದ್ದು.

ಜುಲೈ 12, ಶನಿವಾರ. ಸಂಜೆ 5.15

ಇಪ್ಪತ್ತು ಆದವು. ಉಳಿದದ್ದು ಕಂಪ್ಲಿಯ ಮೂರು. ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಡುವೆ ಕಡಿದರೆ ಬಂಡ್ರಿಯ ಕಥೆಯೇ. ಭತ್ತದ ಸಸಿ ಮಡಿಗೆ ನೀರು ಹಾಯುತ್ತಿದೆ, ಪಂಪ್ ಒಂದು ದಿನ ನಿಂತರೂ ರೈತರು ಆಫೀಸಿಗೇ ಬಂದು ಕೂರುತ್ತಾರೆ. ನಾಳೆ ಸಂಡೂರಿನಲ್ಲಿ ಬಸುರಿ ನಾದಿನಿಯ ಕುಬಸ. ಹೋಗದಿದ್ದರೆ ವರ್ಷವಿಡೀ ಮಾತು.

ಸರ್ ಎರಡು ಸಲ ಬಾಗಿಲಲ್ಲಿ ಬಂದು ನಿಂತರು. ಶೀಟಿನಲ್ಲಿ ಮೂರಕ್ಕೂ "ಆಗಿದೆ" ಅಂತ ಹಾಕಿದೆ. ಸೋಮವಾರ ಬೆಳಿಗ್ಗೆ ಮೊದಲ ಕೆಲಸ ಅದೇ. ಎರಡು ದಿನದಲ್ಲಿ ಏನಾದೀತು.

ಜುಲೈ 14, ಸೋಮವಾರ

ಆಗಲಿಲ್ಲ. ಹಂಪಿ ಹತ್ತಿರದ ಹೋಟೆಲೊಂದರ ಕ್ಯಾಮೆರಾಗಳೆಲ್ಲ ಬಂದ್. ಸರ್ ನನ್ನನ್ನೇ ಕಳಿಸಿದರು. ಬರುವಷ್ಟರಲ್ಲಿ ಆರು. ನಾಳೆ.

ಜುಲೈ 17, ಗುರುವಾರ. ಮಧ್ಯಾಹ್ನ 1.10

ಬರೆಯಲು ಆಗುತ್ತಿಲ್ಲ. ಬರೆಯದೆಯೂ ಆಗುತ್ತಿಲ್ಲ.

11.40ಕ್ಕೆ ಕಂಪ್ಲಿ ಎರಡನೆಯದು ಕೆಂಪಾಯಿತು, ಇನ್ನೂ ಅಪ್‌ಡೇಟ್ ಮಾಡದೆ ಉಳಿದದ್ದು. ಒಂದೇ ನಿಮಿಷ. ಮತ್ತೆ ಹಸಿರು. ನೆಟ್‌ವರ್ಕ್ ಅಂದುಕೊಂಡೆ. 11.50ಕ್ಕೆ ಮರುಳಸಿದ್ದಪ್ಪನವರ ಫೋನ್. ಅಲ್ಲಿಯ ನೀರಾವರಿ ಸಂಘದ ಕಾರ್ಯದರ್ಶಿ, ರೈಸ್‌ಮಿಲ್ ಮಾಲೀಕರು, ಯಾವತ್ತೂ ಮೆಲ್ಲಗೆ ಮಾತಾಡುವವರು.

"ಹುಲುಗಪ್ಪನ ಕೈ ಮಷಿನ್ಯಾಗ ಸಿಕ್ಕೈತ್ರಿ. ನೀವೇನರ ಅಲ್ಲಿಂದ ಚಾಲು ಮಾಡಿದ್ರೇನು?"

ಇಲ್ಲ ಅಂದೆ. ನಾನು ಮಾಡಿರಲಿಲ್ಲ. ಆದರೆ ಆ "ಇಲ್ಲ" ಬಾಯಿಂದ ಎಷ್ಟು ಬೇಗ ಬಂತು…

ಜುಲೈ 18, ಶುಕ್ರವಾರ

ಕಂಪ್ಲಿಗೆ ಹೋಗಿದ್ದೆ. ನೆಲ ತೊಳೆದಿದ್ದರು. ಪಂಪಿನ ಬುಡದಲ್ಲಿ ಮಾತ್ರ ತೊಳೆಯಲು ಕೈ ಹೋಗುವುದಿಲ್ಲ.

ಪಂಪಿನ ತಿರುಗುವ ದಂಡದ ಬಳಿ ನೀರು ಸೋರುತ್ತಿತ್ತಂತೆ. ಸೋರದಂತೆ ಅಲ್ಲಿ ಸುತ್ತುವ ಹಗ್ಗ ಬದಲಿಸಲು ಆಪರೇಟರ್ ಹುಲುಗಪ್ಪಣ್ಣ ಮೋಟರ್ ನಿಲ್ಲಿಸಿ ಕೈ ಹಾಕಿದ್ದ. ಹನ್ನೊಂದು ವರ್ಷದಿಂದ ಮಾಡುತ್ತಿರುವ ಕೆಲಸ. ಮೋಟರ್ ತಾನಾಗಿ ತಿರುಗಿತು. ಬಲಗೈ. ಬಳ್ಳಾರಿಯಲ್ಲಿ ನಿನ್ನೆ ಸಂಜೆಯೇ ಮೊಣಕೈ ಕೆಳಗೆ ತೆಗೆದರಂತೆ.

ಮಷಿನ್ ತಾನೇ ಬರೆದಿಡುವ ಲಾಗ್ ತೆಗೆದೆ. ಪಂಪ್‌ಹೌಸಿನ ಹೊಸ್ತಿಲ ಮೇಲೆ ಕೂತು ಓದಿದೆ.

11.31: ಆಪರೇಟರ್ ಮೊಬೈಲ್‌ನಿಂದ ಸ್ಟಾಪ್.
11.38: ಪಾಸ್‌ವರ್ಡ್ ಪುಟಕ್ಕೆ ಹೊರಗಿನಿಂದ ಯಾರೋ.
11.39: ಒಂದು ಫೈಲ್ ಇಳಿದಿದೆ.
11.40: ಮಷಿನ್ ರೀಸ್ಟಾರ್ಟ್.
11.41: ಮೋಟರ್ ಆನ್.

ಹುಲುಗಪ್ಪಣ್ಣನ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ಎಲ್ಲಿಯದೋ ಒಂದು ಪ್ರೋಗ್ರಾಂ, ಲೋಕದ ಬಾಗಿಲುಗಳನ್ನೆಲ್ಲ ತಟ್ಟುತ್ತ ಬಂದು, ತೆರೆದದ್ದೊಂದು ಕಂಡು ಒಳಹೊಕ್ಕು, ಕಂಡವರ ಕಂಪ್ಯೂಟರ್ ದುಡಿಸಿ ಹಣ ಮಾಡುವ ಕ್ರಿಪ್ಟೋ ಗಣಿಗಾರಿಕೆಯ ಫೈಲ್ ಇಟ್ಟು, ಮಷಿನ್ನನ್ನು ಒಮ್ಮೆ ಆರಿಸಿ ಎಬ್ಬಿಸಿತು. ಅಷ್ಟೇ. ಕಂಪ್ಯೂಟರ್ ಮತ್ತೆ ಎದ್ದರೆ ಮೋಟರ್ ತಾನೇ ಚಾಲು ಆಗುವ ಹಾಗೆ ಇಟ್ಟವರು ನಾವು. ಕರೆಂಟ್ ಹೋಗಿ ಬಂದಾಗಲೆಲ್ಲ ಯಾರು ಓಡಿ ಬರಬೇಕು ಅಂತ ಸಂಘದವರು ಕೇಳಿದ್ದರು, ಕೊಟ್ಟೆವು.

ಮೇನ್ ಸ್ವಿಚ್ ಇಳಿಸದೆ ಕೈ ಹಾಕಿದ್ದು ಅವನದೇ ತಪ್ಪು ಅಂತ ಅಲ್ಲಿ ಇಬ್ಬರು ಅಂದರು. ಮೊಬೈಲ್‌ನಲ್ಲಿ ಸ್ಟಾಪ್ ಒತ್ತಿದರೆ ಸಾಕು, ಎದ್ದು ಹೋಗುವುದೇ ಬೇಕಿಲ್ಲ ಅಂತ ಎರಡು ವರ್ಷದ ಹಿಂದೆ ಕಲಿಸಿದವಳು ನಾನು. ಅದೇ ಕೋಣೆಯಲ್ಲಿ.

ವಾಪಸ್ ಬಂದು ಮೂರಕ್ಕೂ ಅಪ್‌ಡೇಟ್ ಹಾಕಿದೆ. ನೆಟ್‌ವರ್ಕ್ ಒಮ್ಮೆಯೂ ಕಡಿಯಲಿಲ್ಲ. ಒಂದೊಂದಕ್ಕೆ ನಾಲ್ಕು ನಿಮಿಷ.

ಜುಲೈ 19, ಶನಿವಾರ

ಸರ್‌ಗೆ ಲಾಗ್ ತೋರಿಸಿದೆ. ಬಹಳ ಹೊತ್ತು ನೋಡಿದರು. ಎದ್ದು ಬಾಗಿಲು ಮುಂದೆ ಮಾಡಿದರು. ಟೇಬಲ್ ಮೇಲೆ ನನ್ನ ಶೀಟ್ ಇತ್ತು, ಕಂಪ್ಲಿಯ ಮೂರು ಸಾಲಿಗೆ ಪೆನ್ನಿನಿಂದ ಗೆರೆ ಎಳೆದಿದ್ದರು.

"ಇದರಾಗ ಆಗೈತಿ ಅಂತ ಬರದಿ. ಇದನ್ನ ಹೊರಗ ಹಾಕಿದ್ರ ಮೊದಲು ಹೋಗಾಕಿ ನೀನು. ಆಮೇಲೆ ನಾನು. ಆಮೇಲೆ ಇಲ್ಲಿ ದುಡಿಯೋ ಆರು ಮಂದಿ."

ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ರಿಪೋರ್ಟ್ ಅವರೇ ಬರೆಯುತ್ತಾರಂತೆ: ಆಪರೇಟರ್ ಮೋಟರ್ ನಿಲ್ಲಿಸದೆ ಕೈ ಹಾಕಿದ್ದಾನೆ. ಕಂಪ್ಲಿಯ ಡಿಸ್ಕ್ ನಾನು ಅಳಿಸಬೇಕಂತೆ, ಹೊಸದಾಗಿ ಹಾಕಬೇಕಂತೆ. ಹೇಗೂ ಕೆಟ್ಟ ಫೈಲ್ ಹೊಕ್ಕ ಮಷಿನ್ ಅಳಿಸಲೇಬೇಕು, ಅದರಲ್ಲಿ ಸುಳ್ಳೇನಿಲ್ಲ ಅಂದರು. ಅದು ನಿಜ. ಅದೇ ಕಷ್ಟ.

ಸೋಮವಾರ ಮಾಡುತ್ತೇನೆ ಅಂದೆ. ಮತ್ತೆ ಸೋಮವಾರ.

ಜುಲೈ 22, ಮಂಗಳವಾರ

ಬಳ್ಳಾರಿ ಆಸ್ಪತ್ರೆ. ಎರಡು ಎಳನೀರು ತಗೊಂಡು ಹೋದೆ, ಕೊಡಲು ನಾಚಿಕೆಯಾಯಿತು. ಹುಲುಗಪ್ಪಣ್ಣನ ಹೆಂಡತಿ ದುರ್ಗಕ್ಕ ಸ್ಟೂಲ್ ಬಿಟ್ಟುಕೊಟ್ಟು ತಾನು ನೆಲಕ್ಕೆ ಕೂತಳು. ಬ್ಯಾಡ ಅಂದರೂ ಕೇಳಲಿಲ್ಲ.

ಅವನು ನೋವಿನ ಮಾತೇ ಎತ್ತಲಿಲ್ಲ. ಸಂಘದವರು ಬಂದು ಹೋಗಿದ್ದರಂತೆ. ರಿಪೋರ್ಟ್ ಓದಿ ಹೇಳಿದ್ದರಂತೆ. ಬ್ಯಾಂಡೇಜ್ ನೋಡುತ್ತ ನಿಧಾನಕ್ಕೆ ಕೇಳಿದ:

"ಮೇಡಮ್ಮಾರ, ನಾ ಸ್ಟಾಪ್ ಒತ್ತಿದ್ದು ನೆನಪೈತ್ರಿ. ಒತ್ತಿ ಮೊಬೈಲ್ ಅಂಗಿ ಕಿಸೇದಾಗ ಇಟ್ಕೊಂಡೆ. ಆದ್ರ ಎಲ್ಲಾರೂ ಒತ್ತಿಲ್ಲ ಅಂತಾರ. ಕಂಪ್ಯೂಟರ್ ಸುಳ್ಳು ಹೇಳಾಂಗಿಲ್ಲ ಅಲ್ರಿ. ಈಗ ನನಗೂ ಅನುಮಾನ ಬರಾಕತ್ತೈತಿ… ಒತ್ತಿದ್ನೋ, ಇಲ್ಲೋ."

ದುರ್ಗಕ್ಕ ಗಂಡನ ಕಡೆ ಸಿಟ್ಟಿನಿಂದ ನೋಡಿದಳು. ಒಂದು ಬಟನ್ ಒತ್ತಾಕ ನಿನಗ ಏನಾಗಿತ್ತು ಅನ್ನುವ ನೋಟ. ಬಹುಶಃ ಐದು ದಿನದಿಂದ ಹಾಗೇ ನೋಡುತ್ತಿದ್ದಾಳೆ.

ರೆಸ್ಟ್ ತಗೋ ಅಣ್ಣಾ ಅಂದೆ. ಬಂದೆ.

ಜುಲೈ 29, ಮಂಗಳವಾರ

ಡಿಸ್ಕ್ ಅಳಿಸಿದೆ. ಅದಕ್ಕೂ ಮೊದಲು ಲಾಗ್ ಕಾಪಿ ಮಾಡಿಕೊಂಡಿದ್ದೇನೆ. ಯಾಕೆ ಅಂತ ಆವಾಗ ಕೇಳಿದ್ದರೆ ಗೊತ್ತಿಲ್ಲ ಅನ್ನುತ್ತಿದ್ದೆ.

ವಾರದಿಂದ ಊಟ ಸೇರುತ್ತಿಲ್ಲ. ಜಂಬುನಾಥ ಸಂಡೂರಿನಿಂದ ಬಂದವನು ಬೂಟು ಬಿಚ್ಚುವ ಮೊದಲೇ ಏನಾಗೈತಿ ಹೇಳು ಅಂದ. ಗಂಡನಿಗೂ ಇಷ್ಟು ದಿನ ಹೇಳಿರಲಿಲ್ಲ. ಎಲ್ಲ ಹೇಳಿದೆ, "ಆಗಿದೆ" ಅಂತ ಬರೆದದ್ದೂ. ಗಣಿಯಲ್ಲಿ ಟಿಪ್ಪರ್ ಓಡಿಸುವವನು. ಅಲ್ಲಿ ಗಾಡಿ ಪಲ್ಟಿಯಾದರೆ ಬ್ರೇಕ್ ನೋಡುವ ಮೊದಲು ಡ್ರೈವರ್‌ನ ಬಾಯಿ ಮೂಸುತ್ತಾರೆ ಅಂದ. ಆಮೇಲೆ ಬೂಟು ಬಿಚ್ಚಿ ಮೂಲೆಗಿಟ್ಟ.

"ನೀ ಹೇಳಿದ್ರ ಕೆಲಸ ಹೋಗತೈತಿ. ಹೋದ್ರ ಹೋಗ್ಲಿ ಅನ್ನಾಕ ನನಗ ಬಾಯಿ ಬರವಲ್ದು. ಹೇಳಬ್ಯಾಡ ಅನ್ನಾಕೂ ಬರವಲ್ದು."

ಅನ್ನಕ್ಕೆ ಸಾರು ಅವನೇ ಬಡಿಸಿದ.

ಆಗಸ್ಟ್ 2, ಶನಿವಾರ

ಕಂಪ್ಲಿಯಲ್ಲಿ ಸಂಘದ ಸಭೆ. ನನ್ನನ್ನು ಕರೆದಿರಲಿಲ್ಲ. ರೈಸ್‌ಮಿಲ್ ಅಂಗಳದಲ್ಲಿ ಮೂವತ್ತು ಜನ. ಹುಲುಗಪ್ಪಣ್ಣನೂ ಬಂದಿದ್ದ, ಖಾಲಿ ತೋಳನ್ನು ಟವೆಲ್ ಕೆಳಗೆ ಮುಚ್ಚಿಕೊಂಡು. ಪಕ್ಕದಲ್ಲಿ ದುರ್ಗಕ್ಕ. ಅವನನ್ನು ಬಿಟ್ಟು ಬೇರೆ ಆಪರೇಟರ್ ಇಡುವ ಮಾತು ನಡೆದಿತ್ತು.

ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಎದ್ದು ನಿಂತು ಓದಿದೆ. ಸಮಯ ಒಂದೊಂದೇ. 11.31ಕ್ಕೆ ಸ್ಟಾಪ್ ಒತ್ತಿದ್ದಾನೆ. 11.41ಕ್ಕೆ ಚಾಲು ಆದದ್ದು ಅವನಿಂದಲ್ಲ, ತೂತಿನಿಂದ. ಆ ತೂತು ನನಗೆ ಒಂಬತ್ತು ದಿನ ಮೊದಲೇ ಗೊತ್ತಿತ್ತು. ಮುಚ್ಚಿದೆ ಅಂತ ಬರೆದು ಕೊಟ್ಟಿದ್ದೆ, ಮುಚ್ಚಿರಲಿಲ್ಲ. ಇಷ್ಟು ಹೇಳಲು ನೀರು ಕೇಳಬೇಕಾಯಿತು.

ಮರುಳಸಿದ್ದಪ್ಪನವರು ಕನ್ನಡಕ ತೆಗೆದು ಹಾಳೆ ಕಣ್ಣ ಹತ್ತಿರ ಹಿಡಿದರು. ಹಾಗಾದರೆ ಈ ರಿಪೋರ್ಟ್ ಯಾವುದು ಅಂದರು. ಈಶ್ವರ್ ಸರ್‌ಗೆ ಅಲ್ಲೇ ಫೋನ್ ಹಚ್ಚಿದರು. ಗದ್ದಲ. ಯಾರೋ ನನ್ನನ್ನು ಬೈದರು, ಬೈಯಬೇಕಾದದ್ದೇ.

ಹುಲುಗಪ್ಪಣ್ಣ ಹತ್ತಿರ ಬಂದ. ಹಾಳೆ ಇಸಿದುಕೊಂಡ, ಎಡಗೈಯಲ್ಲಿ. ಅದರಲ್ಲಿ ಇಂಗ್ಲಿಷ್, ಓದಲು ಬರುವುದಿಲ್ಲ. ಯಾವ ಸಾಲು ಅಂದ. ತೋರಿಸಿದೆ.

"ಅಂದ್ರ ನಾ ಒತ್ತಿದ್ದೆ."

"ಒತ್ತಿದ್ದಿ ಅಣ್ಣಾ."

ದುರ್ಗಕ್ಕನ ಕಡೆ ತಿರುಗಿ ಹಾಳೆ ಚಾಚಿದ. ಆಕೆ ಅದನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು.

"ಆಸ್ಪತ್ರಿಗೆ ಬಂದಾಗ ನಿನಗ ಗೊತ್ತಿತ್ತು. ಎದುರಿಗೆ ಕುಂತು ಎದ್ದು ಹ್ವಾದಿ."

ಗಂಡನ ಭುಜ ಹಿಡಿದು ಕರೆದುಕೊಂಡು ಹೋದಳು. ಬಸ್ ಸ್ಟ್ಯಾಂಡ್‌ವರೆಗೆ ಒಬ್ಬಳೇ ನಡೆದೆ.

ಆಗಸ್ಟ್ 4, ಸೋಮವಾರ

ಕೆಲಸ ಹೋಯಿತು. ಮೆಸೇಜ್ ಬಂತು, ಎರಡು ಸಾಲು. ಲಾಗಿನ್ ಬಂದ್ ಮಾಡಿದ್ದಾರೆ. ಮಾಡಬೇಕಾದದ್ದೇ, ನಾನಿದ್ದರೂ ಮೊದಲು ಅದನ್ನೇ ಮಾಡುತ್ತಿದ್ದೆ. ಮರುಳಸಿದ್ದಪ್ಪನವರು ಕಾರ್ಮಿಕ ಇಲಾಖೆಗೆ ದೂರು ಕೊಡುತ್ತಾರಂತೆ, ಕಂಪನಿ ಮೇಲೆ, ನನ್ನ ಮೇಲೂ. ಹುಲುಗಪ್ಪಣ್ಣನನ್ನು ತೆಗೆಯುವುದಿಲ್ಲವಂತೆ. ಒಂದು ಕೈಯಲ್ಲಿ ಏನು ಕೆಲಸ ಅಂತ ಇನ್ನೂ ಗೊತ್ತಿಲ್ಲ.

ನಿದ್ದೆ ಬಂತು. ಹದಿನೈದು ದಿನದಲ್ಲಿ ಮೊದಲ ಸಲ. ಅದಕ್ಕೂ ನಾಚಿಕೆಯಾಯಿತು.

ಆಗಸ್ಟ್ 11, ಸೋಮವಾರ. ಬೆಳಿಗ್ಗೆ 9.40

ಆ ಪ್ಯಾನೆಲ್‌ನವರ ಹೊಸ ಮೇಲ್. ನನ್ನ ಹೆಸರು ಅವರ ಪಟ್ಟಿಯಲ್ಲಿ ಇನ್ನೂ ಇದೆ. ಜುಲೈನ ಅಪ್‌ಡೇಟ್ ತೂತನ್ನು ಪೂರ್ತಿ ಮುಚ್ಚಿಲ್ಲವಂತೆ. ಇನ್ನೊಂದು ಪುಟದಿಂದ ಅದೇ ದಾರಿ ಇದೆಯಂತೆ. ಕೂಡಲೇ ಮತ್ತೆ ಅಪ್‌ಡೇಟ್ ಮಾಡಿ.

ಇಪ್ಪತ್ತಮೂರೂ ತೆರೆದಿವೆ. ನಾನು ಮುಚ್ಚಿದೆ ಅಂದುಕೊಂಡವೂ.

ಈಶ್ವರ್ ಸರ್ ಫೋನ್ ಎತ್ತಲಿಲ್ಲ. ಮೂರು ಸಲ ಮಾಡಿದೆ. ಮೆಸೇಜ್ ಹಾಕಿದೆ. ನೋಡಿದ್ದಾರೆ, ಉತ್ತರವಿಲ್ಲ.

10.25

ಆಪರೇಟರ್‌ಗಳ ನಂಬರ್ ನನ್ನ ಮೊಬೈಲ್‌ನಲ್ಲೇ ಇವೆ. ಒಬ್ಬೊಬ್ಬರಿಗೇ ಹೇಳುತ್ತಿದ್ದೇನೆ: ಮೊಬೈಲ್ ಸ್ಟಾಪ್ ನಂಬಬೇಡ, ಮೇನ್ ಸ್ವಿಚ್ ಇಳಿಸು, ಫ್ಯೂಸ್ ಕಿತ್ತು ಕಿಸೆಯಲ್ಲಿ ಇಟ್ಟುಕೋ, ಆಮೇಲೆ ಕೈ ಹಾಕು. ಬಂಡ್ರಿಯ ಗುಡ್ಡಪ್ಪ ಆಯ್ತ್ರೀ ಅಂದ. ಕೊಟ್ರಯ್ಯ ಅನ್ನುವವನು ನೀವು ಕೆಲಸ ಬಿಟ್ಟೀರಲ್ಲ ಅಂದ, ಆದರೂ ಕೇಳಿಸಿಕೊಂಡ. ಕಂಪ್ಲಿಯ ಮೂರಕ್ಕೂ ಮರುಳಸಿದ್ದಪ್ಪನವರು ತಾವೇ ಹೇಳುತ್ತೇನೆ ಅಂದರು, ಒರಟಾಗಿ.

11.05

ಹತ್ತೊಂಬತ್ತು ಆದವು.

11.20

ಇಪ್ಪತ್ತೆರಡು. ಉಳಿದದ್ದು ಗಾದಿಗನೂರು, ಅಲ್ಲಿಯ ಚನ್ನಯ್ಯ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಪಕ್ಕದ ಅಂಗಡಿಗೆ ಮಾಡಿದೆ. ಈಗಷ್ಟೇ ಸ್ಪ್ಯಾನರ್ ಹಿಡಿದು ಪಂಪ್‌ಹೌಸ್ ಒಳಗೆ ಹೋದನಂತೆ. ಓಡಿ ಹೋಗಿ ಕರೆಯಿರಿ ಅಂದೆ. ಫೋನ್ ಹಾಗೇ ಇಟ್ಟು ಹೋಗಿದ್ದಾರೆ. ಅಂಗಡಿಯ ರೇಡಿಯೋ ಕೇಳಿಸುತ್ತಿದೆ, ಒಂದು ಲಾರಿ ಹೋಯಿತು, ಯಾರೋ ಫೋನಿನ ಕಡೆ ಓಡಿ ಬರುತ್ತಿದ್ದಾರೆ…