ಹೊಂದದ ರ‍್ಯಾಮ್

ರೀ,

ನಿನ್ನೆ "ಈ ಕಂಪ್ಯೂಟ್ರು ಜೋಡ್ಸೋದು ನನ್ ಕೈಲಿ ಆಗಲ್ಲ ಬುಡು" ಅಂತ ಊಟ ಬಿಟ್ಟು ಎದ್ದಿರಲ್ಲ, ತಪ್ಪು ನಿಮ್ಮದಲ್ಲ. ನಮ್ಮ ಬೋರ್ಡಿಗೆ ಬೇಕಾದ ರ‍್ಯಾಮ್ ಡಿಡಿಆರ್ ಫೋರ್ ಅನ್ನುವ ಬಗೆಯದು. ಅಂಗಡಿಯವನು ಕೊಟ್ಟಿರುವುದು ಹಳೆಯ ಡಿಡಿಆರ್ ತ್ರೀ. ಪಟ್ಟಿಯ ಕಚ್ಚೇ ಬೋರ್ಡಿನ ಸ್ಲಾಟಿಗೆ ಹೊಂದದಿದ್ದರೆ ಕೂರುವುದೆಲ್ಲಿ? ಬಲವಂತವಾಗಿ ಒತ್ತಿ ಮುರಿಯಲಿಲ್ಲವಲ್ಲ, ಅದಕ್ಕೆ ಶಹಬ್ಬಾಸ್.

ಬದಲಾಯಿಸಿ ತರಲು ಹಾಸನಕ್ಕೆ ಹೊರಟಿದ್ದೇನೆ. ಪವರ್ ಸಪ್ಲೈ ವೈರುಗಳನ್ನು ಬಿಚ್ಚಬೇಡಿ, ನೀವು ಹಾಕಿದ್ದು ಸರಿಯಾಗಿಯೇ ಇದೆ. ಸಾರು ಬಿಸಿ ಮಾಡಿಕೊಂಡು ಉಣ್ಣಿ. ಇವತ್ತೂ ಉಪವಾಸ ಇದ್ದರೆ ನಾನು ಸುಮ್ಮನಿರುವುದಿಲ್ಲ.

ನಿಮ್ಮ ಮಗಳು ಸ್ಕೂಲಿನಲ್ಲೆಲ್ಲ "ನಮ್ಮಪ್ಪನೇ ಕಂಪ್ಯೂಟ್ರು ಮಾಡ್ತಾವ್ರೆ" ಅಂತ ಸಾರಿ ಬಂದಿದ್ದಾಳೆ. ಹಾಗಾಗಿ ರ‍್ಯಾಮ್ ನಾನು ತಂದರೂ ಕೂರಿಸುವುದು ನೀವೇ. ನಾವಿಬ್ಬರೂ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿರುತ್ತೇವೆ.

ಸ್ನೇಹಲತಾ